ಗೇಮ್ ಕನ್ಸೋಲ್ ಕಾಳಗ: ಹೇಳುವುದೊಂದು, ನಡೆದದ್ದೊಂದು

ವಿಡಿಯೊ ಗೇಮ್ ಹುಚ್ಚಿರುವ ನಾಲ್ಕು ಜನ ಸೇರಿದ ಕಡೆ ಈ ಕಥೆ ಬಾರದೆ ಇರುವುದಿಲ್ಲ: ನಿಂಟೆಂಡೊ ದ್ರೋಹ ಮಾಡಿತು, ಕೆರಳಿದ ಸೋನಿ ಸೇಡು ತೀರಿಸಿಕೊಳ್ಳಲು ಪ್ಲೇಸ್ಟೇಷನ್ ಕಟ್ಟಿತು. ಸಿನಿಮಾಕ್ಕೆ ಹೇಳಿ ಮಾಡಿಸಿದಂತಿದೆ. ಅರ್ಧ ನಿಜವೂ ಹೌದು, ಆದರೆ ಸ್ವಾರಸ್ಯ ಇರುವುದು ಉಳಿದರ್ಧದಲ್ಲಿ.

1988ರಲ್ಲಿ ಇಬ್ಬರ ನಡುವೆ ಒಪ್ಪಂದವಾಗಿತ್ತು. ನಿಂಟೆಂಡೊದ ಸೂಪರ್ ಫ್ಯಾಮಿಕಾಮ್ ಯಂತ್ರಕ್ಕೆ ಸೋನಿ ಸಿ.ಡಿ. ಡ್ರೈವ್ ಮಾಡಿಕೊಡಬೇಕು, ಕಾರ್ಟ್ರಿಜ್, ಸಿ.ಡಿ. ಎರಡನ್ನೂ ಓಡಿಸುವ ಯಂತ್ರವೊಂದನ್ನು ತನ್ನ ಹೆಸರಲ್ಲೂ ಮಾರಬಹುದು. ಸೂಪರ್ ಫ್ಯಾಮಿಕಾಮಿನ ಧ್ವನಿ ಚಿಪ್ ಕೂಡ ಸೋನಿಯ ಎಂಜಿನಿಯರ್ ಕೆನ್ ಕುಟರಗಿ ಅವರದೇ ವಿನ್ಯಾಸ. 1991ರ ಜೂನ್‌ನಲ್ಲಿ ಶಿಕಾಗೋದ ಎಲೆಕ್ಟ್ರಾನಿಕ್ಸ್ ಮೇಳದಲ್ಲಿ ಸೋನಿ ತನ್ನ ಯಂತ್ರವನ್ನು ಘೋಷಿಸಿತು. ಮರುದಿನ ನಿಂಟೆಂಡೊ ಅಲ್ಲೇ ನಿಂತು, ತಾನು ಫಿಲಿಪ್ಸ್ ಜೊತೆ ಕೈಜೋಡಿಸುತ್ತಿದ್ದೇನೆ ಎಂದಿತು. ತುಂಬಿದ ಸಭೆಯಲ್ಲಿ ಸೋನಿಗೆ ಮುಖಭಂಗ. ಇಲ್ಲಿಯವರೆಗೆ ಜನ ಹೇಳುವುದು ಸರಿ.

ಹೇಳದೆ ಬಿಡುವುದು ಒಪ್ಪಂದದ ಒಳಗಿದ್ದ ಷರತ್ತನ್ನು. ಸಿ.ಡಿ.ಯಲ್ಲಿ ಬರುವ ಗೇಮ್‌ಗಳ ಪರವಾನಗಿ ಹಕ್ಕು ಸೋನಿಯ ಕೈಯಲ್ಲಿತ್ತು. ಈ ವ್ಯಾಪಾರದಲ್ಲಿ ನಿಜವಾದ ದುಡ್ಡು ಹುಟ್ಟುವುದು ಯಂತ್ರದಲ್ಲಲ್ಲ, ಗೇಮ್‌ಗಳಲ್ಲಿ. ಬೇರೆ ಕಂಪನಿ ಮಾಡಿದ ಒಂದೊಂದು ಗೇಮ್ ಮಾರಾಟವಾದಾಗಲೂ ಪರವಾನಗಿ ಕೊಟ್ಟವರಿಗೆ ಪಾಲು ಬರುತ್ತದೆ. ಅಂದರೆ ಅಂಗಡಿ ನಿಂಟೆಂಡೊದ್ದು, ಗಲ್ಲಾಪೆಟ್ಟಿಗೆ ಸೋನಿಯದ್ದು. ನಿಂಟೆಂಡೊ ಅಧ್ಯಕ್ಷ ಹಿರೋಶಿ ಯಮೌಚಿ ಮಾತು ಮುರಿದದ್ದು ಈ ಕಾರಣಕ್ಕೆ. ಇದನ್ನೆಲ್ಲ ಸಹಿ ಹಾಕುವ ಮುಂಚೆ ನೋಡಿಕೊಳ್ಳಬಾರದಿತ್ತೇ ಎಂದರೆ, ಆ ಪ್ರಶ್ನೆ ನ್ಯಾಯವಾದದ್ದೇ.

ಸಂಬಂಧ ಅಂದೇ ಕಡಿದುಹೋಯಿತು ಎಂಬುದೂ ಸುಳ್ಳು. 1992ರಲ್ಲೂ ಮಾತುಕತೆ ನಡೆದಿತ್ತು. ಇಬ್ಬರೂ ಸೇರಿ ಮಾಡಿದ ಮಾದರಿ ಯಂತ್ರವೊಂದು 2020ರಲ್ಲಿ ಹರಾಜಾಗಿ 3.6 ಲಕ್ಷ ಡಾಲರ್ ತಂದಿತು. ಇತ್ತ ಫಿಲಿಪ್ಸ್ ಡ್ರೈವ್ ಮಾರುಕಟ್ಟೆಗೆ ಬರಲೇ ಇಲ್ಲ. ಆ ನಂಟಿನಿಂದ ಉಳಿದದ್ದು ಫಿಲಿಪ್ಸ್‌ನ ಸಿ.ಡಿ.-ಐ ಯಂತ್ರಕ್ಕೆ ಬಂದ ಕೆಲವು ಮಾರಿಯೊ, ಜೆಲ್ಡಾ ಗೇಮ್‌ಗಳು. ಅಭಿಮಾನಿಗಳು ಇಂದಿಗೂ ಅವನ್ನು ನೆನೆದು ನಗುತ್ತಾರೆ.

ಇನ್ನು, ಹೆಚ್ಚು ಬಲವಿದ್ದ ಯಂತ್ರವೇ ಗೆಲ್ಲುತ್ತದೆ ಎಂಬ ನಂಬಿಕೆ. 90ರ ದಶಕದ ಜಾಹೀರಾತುಗಳು 16 ಬಿಟ್, 32 ಬಿಟ್, 64 ಬಿಟ್ ಎಂದು ಕೂಗಿ ಕೂಗಿ ಇದನ್ನು ತಲೆಗೆ ತುಂಬಿದವು. ನಿಂಟೆಂಡೊ 64ರ ಹೆಸರಲ್ಲೇ 64 ಇತ್ತು. ಅದು ಮಾರಾಟವಾದದ್ದು ಸುಮಾರು 3.3 ಕೋಟಿ. 32 ಬಿಟ್‌ನ ಪ್ಲೇಸ್ಟೇಷನ್ 10 ಕೋಟಿ ದಾಟಿತು. ಕಾರಣ ಸೇಡೂ ಅಲ್ಲ, ಬಿಟ್ಟೂ ಅಲ್ಲ. ಕಾರ್ಟ್ರಿಜ್‌ನಲ್ಲಿ ಹೆಚ್ಚೆಂದರೆ 64 ಎಂ.ಬಿ. ಹಿಡಿಯುತ್ತಿತ್ತು, ತಯಾರಿಸಲು ದುಬಾರಿ. ಸಿ.ಡಿ.ಯಲ್ಲಿ 650 ಎಂ.ಬಿ., ಅದೂ ಅಗ್ಗಕ್ಕೆ. ಅಲ್ಲಿಯವರೆಗೆ ನಿಂಟೆಂಡೊ ಯಂತ್ರಗಳಿಗೇ ಬರುತ್ತಿದ್ದ ಫೈನಲ್ ಫ್ಯಾಂಟಸಿ ಸರಣಿಯ ಏಳನೆಯ ಗೇಮ್ 1997ರಲ್ಲಿ ಮೂರು ಸಿ.ಡಿ. ತುಂಬಿಕೊಂಡು ಪ್ಲೇಸ್ಟೇಷನ್‌ಗೆ ಬಂತು. ಕೈಯಲ್ಲಿ ಹಿಡಿದು ಆಡುವ ಯಂತ್ರಗಳಲ್ಲೂ ಅಷ್ಟೇ: ಸೆಗಾದ ಗೇಮ್ ಗೇರ್‌ಗೆ ಬಣ್ಣದ ಪರದೆಯಿತ್ತು, ಆದರೆ ಆರು ಸೆಲ್ ಹಾಕಿದರೂ ಕೆಲವೇ ಗಂಟೆ. ಬಣ್ಣವಿಲ್ಲದ ಗೇಮ್ ಬಾಯ್ ನಾಲ್ಕೇ ಸೆಲ್‌ನಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಓಡಿ ಅದನ್ನು ಮೂಲೆಗೆ ತಳ್ಳಿತು.

ಇ.ಟಿ. ಎಂಬ ಒಂದೇ ಕೆಟ್ಟ ಗೇಮ್ 1983ರಲ್ಲಿ ಇಡೀ ಉದ್ಯಮವನ್ನು ಮುಳುಗಿಸಿತು ಎನ್ನುವವರಿದ್ದಾರೆ. ಐದೇ ವಾರದಲ್ಲಿ ಹೊಸೆದ ಗೇಮ್ ಅದು, ನಿಜ. ಮಾರಾಟವಾಗದ ಕಾರ್ಟ್ರಿಜ್‌ಗಳನ್ನು ಅಟಾರಿ ಕಂಪನಿ ನ್ಯೂ ಮೆಕ್ಸಿಕೊದ ಅಲಮೊಗಾರ್ಡೊದಲ್ಲಿ ಹೂತದ್ದೂ ನಿಜ. 2014ರಲ್ಲಿ ಅಗೆದಾಗ ಮಾತ್ರ ಸಿಕ್ಕವುಗಳಲ್ಲಿ ಇ.ಟಿ. ಅಲ್ಪಭಾಗ, ಸೆಂಟಿಪೀಡ್, ಮಿಸೈಲ್ ಕಮಾಂಡ್‌ನಂಥ ಜನಪ್ರಿಯ ಗೇಮ್‌ಗಳೂ ಅಲ್ಲೇ ಇದ್ದವು. ಓಟ್ಸ್ ಮಾರುವ ಕ್ವೇಕರ್ ಕಂಪನಿ ಕೂಡ ಗೇಮ್ ವಿಭಾಗ ತೆರೆದಿದ್ದ ಕಾಲವದು. ಕೊಳ್ಳುವವರಿಗಿಂತ ಸರಕೇ ಹೆಚ್ಚಾಗಿತ್ತು. ಮುಳುಗಿದ್ದೂ ಅಮೆರಿಕದ ಮಾರುಕಟ್ಟೆ ಮಾತ್ರ. ಅದೇ 1983ರ ಜುಲೈನಲ್ಲಿ ಜಪಾನಿನಲ್ಲಿ ನಿಂಟೆಂಡೊದ ಫ್ಯಾಮಿಕಾಮ್ ಹುಟ್ಟಿತು. ನಮ್ಮ ಊರುಗಳಲ್ಲಿ ಟಿ.ವಿ.ಗೆ ಸಿಕ್ಕಿಸಿ, ಕ್ಯಾಸೆಟ್ ಊದಿ ಹಾಕಿ, ಮಾರಿಯೊ, ಕಾಂಟ್ರಾ ಆಡುತ್ತಿದ್ದ ಅಗ್ಗದ ಯಂತ್ರಗಳು ಅದರ ನಕಲುಗಳೇ.

ಸೆಗಾದ ಡ್ರೀಮ್‌ಕಾಸ್ಟ್ ಅನ್ನು ಪ್ಲೇಸ್ಟೇಷನ್ 2 ಕೊಂದಿತು ಎನ್ನುವುದೂ ಪೂರ್ತಿ ಸರಿಯಲ್ಲ. ಅದು ಕೊನೆಯ ಏಟು, ಅಷ್ಟೆ. 1995ರ ಮೇ ತಿಂಗಳಲ್ಲಿ ಸೆಗಾ ಬಹುತೇಕ ಅಂಗಡಿಗಳಿಗೆ ಸುಳಿವೇ ಕೊಡದೆ ಸ್ಯಾಟರ್ನ್ ಯಂತ್ರವನ್ನು ಅಮೆರಿಕದಲ್ಲಿ ದಿಢೀರನೆ ಬಿಟ್ಟಿತು, ಬೆಲೆ 399 ಡಾಲರ್. ಸೆಗಾ ಇದನ್ನು ಸಾರಿದ ಗೇಮ್ ಮೇಳದಲ್ಲೇ ಸೋನಿಯ ಅಧಿಕಾರಿ ವೇದಿಕೆಗೆ ಬಂದು 299 ಎಂಬ ಅಂಕಿ ಹೇಳಿ ಇಳಿದುಹೋದರು. ಸರಕು ಸಿಗದೆ ಸಿಟ್ಟಾದ ಅಂಗಡಿಗಳು ಸೆಗಾದಿಂದ ದೂರ ಸರಿದವು. ಆ ನಷ್ಟ, ಆ ಅಪನಂಬಿಕೆ ಹೊತ್ತೇ ಡ್ರೀಮ್‌ಕಾಸ್ಟ್ ಹುಟ್ಟಿದ್ದು; 2001ರ ಜನವರಿಯಲ್ಲಿ ಸೆಗಾ ಅದನ್ನು ನಿಲ್ಲಿಸುವುದಾಗಿ ಸಾರಿತು.

ಈ ಕಂಪನಿಗಳು ಹಾವು ಮುಂಗುಸಿಯಂತೆ ಎಂದು ನಂಬಿ ಜಗಳಕ್ಕಿಳಿಯುವವರು ಪ್ಲೇಸ್ಟೇಷನ್ 3ರ ಒಳಗಿನ ಚಿಪ್ ಕಥೆ ಕೇಳಬೇಕು. ಸೋನಿ, ತೊಷಿಬಾ, ಐ.ಬಿ.ಎಂ. ಮೂವರೂ ಕೂಡಿ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಸೆಲ್ ಎಂಬ ಪ್ರೊಸೆಸರ್ ರೂಪಿಸುತ್ತಿದ್ದರು. ಅದರ ಮುಖ್ಯ ಕೋರ್ ಅನ್ನೇ ತುಸು ಮಾರ್ಪಡಿಸಿ, ಮೂರು ಕೋರ್‌ಗಳ ಚಿಪ್ ಮಾಡಿ, ಐ.ಬಿ.ಎಂ. ಮೈಕ್ರೋಸಾಫ್ಟ್‌ಗೂ ಕೊಟ್ಟಿತು. ಆ ಚಿಪ್ ಹೊತ್ತ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ 360 ಬಂದದ್ದು 2005ರ ನವೆಂಬರಿನಲ್ಲಿ, ಪ್ಲೇಸ್ಟೇಷನ್ 3 ಬಂದದ್ದು ಮರುವರ್ಷದ ನವೆಂಬರಿನಲ್ಲಿ. ದುಡ್ಡು ಸುರಿದ ಸೋನಿಗಿಂತ ಒಂದು ವರ್ಷ ಮೊದಲೇ ಎದುರಾಳಿಯ ಯಂತ್ರ ಅಂಗಡಿಯಲ್ಲಿತ್ತು. ಆ ಸುತ್ತಿನಲ್ಲಿ ಇಬ್ಬರನ್ನೂ ಹಿಂದೆ ಹಾಕಿ 10 ಕೋಟಿ ದಾಟಿದ್ದು ನಿಂಟೆಂಡೊದ ವೀ. ಅದರೊಳಗಿದ್ದದ್ದೂ ಐ.ಬಿ.ಎಂ. ಚಿಪ್ಪೇ.