ವಾರ್ಡಿನ ವೇಳೆ, ರೋಗಿಯ ವೇಳೆ

ಕೈಕಾಲುಗಳ ನಡುಕ, ಮೈಯ ಬಿಗಿತ, ಚಲನೆಯಲ್ಲಿ ಮಾಂದ್ಯ—ಇವು ಕಂಪವಾತದ ಲಕ್ಷಣಗಳು. 1817ರಲ್ಲಿ ಇದನ್ನು ವಿವರಿಸಿದ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್‌ರ ಹೆಸರೇ ರೋಗಕ್ಕೆ ನಿಂತಿದೆ. ಮಿದುಳಿನಲ್ಲಿ ಡೋಪಮಿನ್ ಎಂಬ ದ್ರವ್ಯ ಕಡಿಮೆಯಾಗುವುದರಿಂದ ಈ ತೊಂದರೆ. ಲೆವೊಡೋಪ ಗುಳಿಗೆಯು ಆ ಕೊರತೆಯನ್ನು ತುಂಬುತ್ತದೆ. ಆದರೆ ಅದರ ಬಲ ಕೆಲವೇ ಗಂಟೆಗಳದು. ಹೊತ್ತು ಮೀರಿದರೆ ರೋಗಿಯು ಮಗ್ಗುಲು ಹೊರಳಲಾರದೆ, ಮಾತನಾಡಲಾರದೆ, ತುತ್ತು ನುಂಗಲಾರದೆ ಬಳಲಬಹುದು. ಹಠಾತ್ತನೆ ನಿಲ್ಲಿಸಿದರೆ ಪ್ರಾಣಕ್ಕೇ ಸಂಚಕಾರ ಬರಬಹುದು.

ಮನೆಯಲ್ಲಿ ಗಡಿಯಾರ ನೋಡಿ ಗುಳಿಗೆ ನುಂಗುತ್ತಿದ್ದವನು ಕಾಲು ಮುರಿದು ಆಸ್ಪತ್ರೆ ಸೇರಿದನೆನ್ನೋಣ. ಅಲ್ಲಿ ಔಷಧ ಬರುವುದು ವಾರ್ಡಿನ ಸರದಿಯಂತೆ. ಬ್ರಿಟನ್ನಿನ ಪಾರ್ಕಿನ್ಸನ್ ರೋಗಿಗಳ ಸಂಸ್ಥೆಯು 2006ರಲ್ಲಿ ಈ ವಿಳಂಬದ ವಿರುದ್ಧ ಚಳವಳಿ ಹೂಡಿತು. ನಿಗದಿತ ವೇಳೆಯ 30 ನಿಮಿಷಗಳೊಳಗೆ ಲೆವೊಡೋಪ ಕೊಡತಕ್ಕದ್ದೆಂಬುದು ಇಂದು ಅಲ್ಲಿ ಅಂಗೀಕೃತ ನಿಯಮ.

ನಮ್ಮ ಬಂಧುಗಳು ಮಾಡಬೇಕಾದುದಿಷ್ಟು: ದಾಖಲಾಗುವಾಗಲೇ ಗುಳಿಗೆಯ ಹೆಸರು, ಪ್ರಮಾಣ, ವೇಳೆಗಳನ್ನು ಬರೆದ ಚೀಟಿಯನ್ನು ದಾದಿಯರಿಗೆ ಕೊಡುವುದು, ಗುಳಿಗೆಗಳನ್ನು ಜೊತೆಗೊಯ್ಯುವುದು, ಶಸ್ತ್ರಕ್ರಿಯೆಗಾಗಿ ಉಪವಾಸವಿರಿಸಿದರೆ ಗುಳಿಗೆಗೆ ಏನು ವ್ಯವಸ್ಥೆಯೆಂದು ವೈದ್ಯರನ್ನು ಮುಂಚಿತವಾಗಿ ಕೇಳುವುದು. ಊರಿನಿಂದ ಬಂದ ವೃದ್ಧ ತಂದೆಗೆ ಮುಂಬಯಿಯ ಭಾಷೆ ತಿಳಿಯದು. ಅವರ ಪರವಾಗಿ ವಿನಯದಿಂದ, ಆದರೆ ಬಿಡದೆ, ಕೇಳಬೇಕಾದವರು ನಾವೇ.