ಇದೂ ಒಂದಿನ ಬೀಳುತ್ತಾ? ಬಾಹ್ಯಾಕಾಶ ನಿಲ್ದಾಣದ ಕೊನೆಯ ವರ್ಷಗಳು

 

ಈ ಎಪಿಸೋಡ್ ಹುಟ್ಟಿದ್ದು ನಮ್ಮನೆ ಟೆರೇಸ್ ಮೇಲೆ. ಊರಿಂದ ಅಜ್ಜಿ ಬಂದಿದ್ರು. ಸಂಜೆ ಏಳರ ಹೊತ್ತಿಗೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ, ಅಂದ್ರೆ ಐಎಸ್ಎಸ್, ನಮ್ಮ ತಲೆ ಮೇಲೆ ಹಾದು ಹೋಗುತ್ತೆ ಅಂತ ಫೋನಿಗೆ ಅಲರ್ಟ್ ಬಂತು. ಅಜ್ಜಿಯ ಕೈ ಹಿಡ್ಕೊಂಡು ಮೆಟ್ಟಿಲು ಹತ್ತಿಸಿದೆ. ಮಿನುಗದ, ಸದ್ದಿಲ್ಲದ ಒಂದು ಬೆಳಕಿನ ಚುಕ್ಕೆ ಪಶ್ಚಿಮದಿಂದ ಬಂದು ಐದು ನಿಮಿಷದಲ್ಲಿ ಹೊರಟೇ ಹೋಯ್ತು. "ಅದ್ರೊಳಗೆ ಜನ ಇದ್ದಾರೆ ಅಜ್ಜಿ" ಅಂದೆ. ಅವರು ಬೆರಗಾಗ್ತಾರೆ ಅಂದ್ಕೊಂಡಿದ್ದೆ. ಅವರು ಕೇಳಿದ್ದು ಒಂದೇ: "ಇದೂ ಬೀಳುತ್ತೇನೋ ಮಗಾ, ಆವತ್ತಿನ ಸ್ಕೈಲ್ಯಾಬ್ ಥರ?"

ನನಗೆ ನಗು ಬಂತು. ಆಮೇಲೆ ಕೂತು ಓದ್ತಾ ಹೋದಂಗೆ ಗೊತ್ತಾಯ್ತು, ಅಜ್ಜಿ ಕೇಳಿದ್ದೇ ಸರಿಯಾದ ಪ್ರಶ್ನೆ. ಹೌದು, ಬೀಳುತ್ತೆ. ಬೀಳಿಸೋಕೆ ಟೈಮ್‌ಟೇಬಲ್ ಕೂಡ ಇದೆ.

ಮೊದಲು ಸ್ಕೈಲ್ಯಾಬ್ ವಿಷಯ. 1973ರಲ್ಲಿ ಅಮೆರಿಕ ಹಾರಿಸಿದ ಸುಮಾರು 77 ಟನ್ ತೂಕದ ನಿಲ್ದಾಣ ಅದು. ಮೂರು ತಂಡಗಳು ಅಲ್ಲಿದ್ದು ಬಂದ ಮೇಲೆ ಖಾಲಿ ಬಿದ್ದಿತ್ತು. ಭೂಮಿಯಿಂದ 400 ಕಿಲೋಮೀಟರ್ ಮೇಲೆ ಗಾಳಿಯೇ ಇಲ್ಲ ಅಂತ ನಾವು ಅಂದ್ಕೋತೀವಿ. ಇದೆ, ತುಂಬಾ ತೆಳುವಾಗಿ. ಗಂಟೆಗೆ 28,000 ಕಿಲೋಮೀಟರ್ ವೇಗದಲ್ಲಿ ಓಡೋ ವಸ್ತುವಿಗೆ ಆ ತೆಳು ಗಾಳಿಯೂ ಬ್ರೇಕ್ ಹಾಕುತ್ತೆ. ವೇಗ ಸ್ವಲ್ಪ ತಗ್ಗಿದ್ರೆ ಎತ್ತರವೂ ತಗ್ಗುತ್ತೆ. ಸೂರ್ಯನ ಚಟುವಟಿಕೆ ಜಾಸ್ತಿಯಾದಾಗ ಮೇಲಿನ ವಾಯುಮಂಡಲ ಕಾದು ಉಬ್ಬುತ್ತೆ, ಬ್ರೇಕ್ ಇನ್ನೂ ಬಿಗಿಯಾಗುತ್ತೆ. ಸ್ಕೈಲ್ಯಾಬ್‌ಗೆ ಆಗಿದ್ದು ಇದೇ. ಸ್ಪೇಸ್ ಶಟಲ್ ಕಳಿಸಿ ಅದನ್ನ ಮೇಲಕ್ಕೆ ತಳ್ಳಬೇಕು ಅನ್ನೋ ಯೋಚನೆ ಇತ್ತು, ಆದ್ರೆ ಶಟಲ್ ಮೊದಲು ಹಾರಿದ್ದೇ 1981ರಲ್ಲಿ. ಅದಕ್ಕೂ ಮೊದಲೇ, 1979ರ ಜುಲೈ 11ರಂದು, ಸ್ಕೈಲ್ಯಾಬ್ ಬಿತ್ತು. ತುಂಡುಗಳು ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಚದುರಿದವು. ಯಾರಿಗೂ ಏಟಾಗಲಿಲ್ಲ. ಕಸ ಹಾಕಿದ್ದಕ್ಕೆ ಅಂತ ಅಲ್ಲಿನ ಎಸ್ಪೆರೆನ್ಸ್ ಊರಿನ ಆಡಳಿತ ನಾಸಾಗೆ 400 ಡಾಲರ್ ದಂಡ ಹಾಕಿತ್ತು, ಅರ್ಧ ತಮಾಷೆಗೆ. ಬೀಳೋವರೆಗೂ ನಮ್ಮ ದೇಶದಲ್ಲೂ ಜನ ಹೆದರಿದ್ರು. ಆ ರಾತ್ರಿ ಊರಲ್ಲಿ ಯಾರೂ ಅಂಗಳದಲ್ಲಿ ಮಲಗಲಿಲ್ಲ ಅಂತ ಅಜ್ಜಿ ಈಗಲೂ ಹೇಳ್ತಾರೆ.

ಇಲ್ಲಿ ನಾವು ಸಾಮಾನ್ಯವಾಗಿ ಮಿಸ್ ಮಾಡ್ಕೊಳ್ಳೋ ಒಂದು ವಿಷಯ ಇದೆ. ರಾಕೆಟ್ ಹಾರೋದನ್ನ ಲೈವ್ ನೋಡ್ತೀವಿ, ಚಪ್ಪಾಳೆ ಹೊಡೀತೀವಿ. ಆದ್ರೆ ನಿಲ್ದಾಣ ವಾಹನ ಅಲ್ಲ, ಮನೆ. ಕಟ್ಟಿ ಬಿಟ್ರೆ ಮುಗೀಲಿಲ್ಲ, ದಿನಾ ನೋಡ್ಕೋಬೇಕು. ಸೋರಿದ್ರೆ ಮುಚ್ಚಬೇಕು, ಕೆಳಗಿಳಿದ್ರೆ ಎಂಜಿನ್ ಉರಿಸಿ ಮೇಲೇರಿಸಬೇಕು. ನೋಡ್ಕೊಳ್ಳೋರು ಇಲ್ಲದಿದ್ರೆ ಏನಾಗುತ್ತೆ ಅನ್ನೋದಕ್ಕೆ ನನಗೆ ತುಂಬಾ ಇಷ್ಟವಾದ ಕಥೆ ಸಲ್ಯೂತ್-7ರದ್ದು.

ಈ ಹೆಸರು ಕೇಳಿರ್ತೀರ. 1984ರ ಏಪ್ರಿಲ್‌ನಲ್ಲಿ ನಮ್ಮ ರಾಕೇಶ್ ಶರ್ಮಾ ಹೋಗಿದ್ದು ಸೋವಿಯತ್ ಒಕ್ಕೂಟದ ಇದೇ ನಿಲ್ದಾಣಕ್ಕೆ. ಅವರು ಹೋಗಿ ಬಂದು ಒಂದು ವರ್ಷವೂ ಆಗಿರಲಿಲ್ಲ, 1985ರ ಫೆಬ್ರವರಿಯಲ್ಲಿ ಖಾಲಿ ಇದ್ದ ನಿಲ್ದಾಣ ಇದ್ದಕ್ಕಿದ್ದಂತೆ ಸತ್ತು ಹೋಯ್ತು. ಸಿಗ್ನಲ್ ಇಲ್ಲ, ಕರೆಂಟ್ ಇಲ್ಲ, ಮೇಲೆ ಸುಮ್ಮನೆ ತೇಲ್ತಾ ಇದೆ. ಜೂನ್‌ನಲ್ಲಿ ವ್ಲಾದಿಮಿರ್ ಝಾನಿಬೆಕೊವ್, ವಿಕ್ಟರ್ ಸವಿನಿಖ್ ಅನ್ನೋ ಇಬ್ಬರನ್ನ ಕಳಿಸಿದ್ರು. ಸಾಮಾನ್ಯವಾಗಿ ನೌಕೆ ಬಂದು ಜೋಡಿಸಿಕೊಳ್ಳುವಾಗ ನಿಲ್ದಾಣವೂ ಸಿಗ್ನಲ್ ಕೊಟ್ಟು ಸಹಕರಿಸುತ್ತೆ. ಇದು ಸತ್ತಿರೋ ನಿಲ್ದಾಣ. ಹಾಗಾಗಿ ಕೈಯಲ್ಲಿ ಹಿಡಿಯೋ ಲೇಸರ್ ಸಾಧನದಿಂದ ದೂರ ಅಳೀತಾ, ಕಿಟಕಿಯಿಂದ ನೋಡ್ತಾ, ಕೈಯಲ್ಲೇ ನಡೆಸಿಕೊಂಡು ಹೋಗಿ ಜೋಡಿಸಿದ್ರು.

ಒಳಗೆ ಹೋದ್ರೆ ಕತ್ತಲೆ, ಕೊರೆಯೋ ಚಳಿ. ಪೈಪಿನಲ್ಲಿದ್ದ ನೀರು ಹೆಪ್ಪುಗಟ್ಟಿತ್ತು. ಉಣ್ಣೆ ಟೋಪಿ, ಕೈಗವಸು ಹಾಕ್ಕೊಂಡೇ ಕೆಲಸ. ಇನ್ನೊಂದು ತೊಂದರೆ, ನಮಗೆ ತಲೆಗೇ ಹೊಳೆಯದ್ದು: ತೂಕವಿಲ್ಲದ ಜಾಗದಲ್ಲಿ ಬಿಸಿ ಗಾಳಿ ಮೇಲೇರಲ್ಲ, ತಾನಾಗಿ ಓಡಾಡಲ್ಲ. ಫ್ಯಾನ್ ನಿಂತಿದ್ರಿಂದ ಅವರು ಬಿಟ್ಟ ಉಸಿರೇ ಮುಖದ ಸುತ್ತ ಮೋಡದ ಥರ ನಿಂತುಬಿಡ್ತಿತ್ತು. ಕೊನೆಗೆ ಮೂಲ ಗೊತ್ತಾಯ್ತು. ಒಂದು ಸೆನ್ಸರ್ ಕೆಟ್ಟು, ಬ್ಯಾಟರಿಗಳು ಚಾರ್ಜ್ ಆಗೋದೇ ನಿಂತುಹೋಗಿತ್ತು. ಬ್ಯಾಟರಿಗಳನ್ನ ನೇರವಾಗಿ ಸೌರ ಫಲಕಗಳ ವೈರಿಗೆ ಕಟ್ಟಿದ್ರು. ತಾವು ಬಂದ ನೌಕೆಯ ಎಂಜಿನ್ ಉರಿಸಿ ಇಡೀ ನಿಲ್ದಾಣವನ್ನೇ ಸೂರ್ಯನ ಕಡೆ ತಿರುಗಿಸಿದ್ರು. ಚಾರ್ಜ್ ಏರ್ತು, ದೀಪ ಹತ್ತಿತು, ನಿಲ್ದಾಣ ಬದುಕಿಕೊಳ್ತು. ಚಂದ್ರನ ಮೇಲೆ ಕಾಲಿಟ್ಟದ್ದಕ್ಕೆ ಕೊಡೋ ಮರ್ಯಾದೆಯನ್ನ ಈ ರಿಪೇರಿಗೂ ಕೊಡಬೇಕು ಅಂತ ನನಗನಿಸುತ್ತೆ. ಆದ್ರೂ 1991ರಲ್ಲಿ ಅದೂ ಬಿತ್ತು, ಅರ್ಜೆಂಟೀನಾದ ಮೇಲೆ. ಅದರ ನಂತರದ ಮಿರ್ ನಿಲ್ದಾಣವನ್ನ 2001ರ ಮಾರ್ಚ್‌ನಲ್ಲಿ ದಕ್ಷಿಣ ಪೆಸಿಫಿಕ್ ಸಾಗರಕ್ಕೆ ಬೇಕಂತಲೇ ಬೀಳಿಸಿದ್ರು.

ಈಗ ನಮ್ಮ ಟೆರೇಸ್ ಮೇಲೆ ಹಾದು ಹೋದ ಐಎಸ್ಎಸ್‌ಗೆ ಬರೋಣ. ಮೊದಲ ಭಾಗ ಹಾರಿದ್ದು 1998ರಲ್ಲಿ. 2000ದ ನವೆಂಬರ್ 2ರಿಂದ ಅಲ್ಲಿ ಒಂದು ನಿಮಿಷವೂ ಯಾರೂ ಇಲ್ಲ ಅನ್ನೋದು ಆಗಿಲ್ಲ. ನೀವು ಅದರ ನಂತರ ಹುಟ್ಟಿದ್ರೆ, ಮನುಷ್ಯರೆಲ್ಲರೂ ಭೂಮಿ ಮೇಲೇ ಇದ್ದ ಒಂದು ಕ್ಷಣವನ್ನೂ ನೀವು ಕಂಡಿಲ್ಲ.

ಆದ್ರೆ ಮನೆ ಹಳೇದಾಗಿದೆ. ರಷ್ಯಾದ ಜ್ವೆಜ್ದಾ ಅನ್ನೋ ಭಾಗದಲ್ಲಿ ಸಣ್ಣ ಬಿರುಕುಗಳಿಂದ ಗಾಳಿ ಸೋರೋದು 2019ರಿಂದ ಗೊತ್ತಿದೆ. ಕಳೆದ ಬಾರಿ ಇದು ನಮಗೂ ತಾಗಿತು. 2025ರ ಜೂನ್‌ನಲ್ಲಿ ಶುಭಾಂಶು ಶುಕ್ಲಾ ಅವರ ಪ್ರಯಾಣ ಮುಂದೆ ಮುಂದೆ ಹೋಗ್ತಿತ್ತು, ನೆನಪಿದ್ಯಾ? ರಾಕೆಟ್‌ನದ್ದೇ ತೊಂದರೆ ಇತ್ತು, ಹವಾಮಾನ ಇತ್ತು, ಜೊತೆಗೆ ಈ ಸೋರಿಕೆಯನ್ನ ಪರೀಕ್ಷೆ ಮಾಡೋಕೆ ನಾಸಾ ಟೈಮ್ ತಗೊಂಡಿತ್ತು. ಕೊನೆಗೆ ಜೂನ್ 25ಕ್ಕೆ ಹಾರಿ, ನಿಲ್ದಾಣದಲ್ಲಿ ಸುಮಾರು 18 ದಿನ ಇದ್ದು ಬಂದರು. ಅಲ್ಲಿ ಅವರು ಮೊಳಕೆ ಬರಿಸಿದ ಹೆಸರುಕಾಳು, ಮೆಂತ್ಯದ ಪ್ರಯೋಗ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯದ್ದು. ಅಜ್ಜಿಗೆ ಇಡೀ ಕಥೆಯಲ್ಲಿ ಇಷ್ಟವಾಗಿದ್ದು ಇದೊಂದೇ.

ಐಎಸ್ಎಸ್ ಅನ್ನು 2030ರವರೆಗೆ ನಡೆಸಿ, ಅದಾದ ಮೇಲೆ ಇಳಿಸೋದು ಯೋಜನೆ. ಸುಮಾರು 420 ಟನ್ ತೂಕ. ಇಷ್ಟು ದೊಡ್ಡದನ್ನ ಸ್ಕೈಲ್ಯಾಬ್ ಥರ ಅದರ ಪಾಡಿಗೆ ಬಿಡೋಕಾಗಲ್ಲ. ಬಿಚ್ಚಿ ತರೋಣ ಅಂದ್ರೆ ದೊಡ್ಡ ಭಾಗಗಳನ್ನ ಹೊತ್ತು ತರಬಲ್ಲ ಶಟಲ್‌ಗಳು 2011ರಲ್ಲೇ ನಿವೃತ್ತಿಯಾದವು. ಇನ್ನೂ ಮೇಲಕ್ಕೆ ತಳ್ಳೋಕೆ ವಿಪರೀತ ಇಂಧನ ಬೇಕು, ತಳ್ಳಿದ್ರೂ ಅದು ಅಲ್ಲೇ ಒಡೆದು ಚೂರಾಗೋ ಅಪಾಯ. ಹಾಗಾಗಿ ಅದನ್ನ ಕೊನೇ ಸಲ ತಳ್ಳೋಕೆಂದೇ ಒಂದು ನೌಕೆ ಮಾಡೋಕೆ 2024ರಲ್ಲಿ ನಾಸಾ ಸ್ಪೇಸ್‌ಎಕ್ಸ್‌ಗೆ 84 ಕೋಟಿ ಡಾಲರ್‌ವರೆಗಿನ ಗುತ್ತಿಗೆ ಕೊಟ್ಟಿದೆ. ತುಂಡುಗಳು ಬೀಳಬೇಕಾದ್ದು ಮನುಷ್ಯರಿಲ್ಲದ ಸಮುದ್ರದಲ್ಲಿ. ದಕ್ಷಿಣ ಪೆಸಿಫಿಕ್‌ನಲ್ಲಿ ಪಾಯಿಂಟ್ ನೆಮೊ ಅನ್ನೋ ಜಾಗ ಇದೆ, ಅಲ್ಲಿಂದ ಹತ್ತಿರದ ನೆಲವೇ 2,600 ಕಿಲೋಮೀಟರ್‌ಗಿಂತ ದೂರ. ಅಲ್ಲಿ ದೋಣಿಯಲ್ಲಿ ಕೂತವರಿಗೆ ಎಷ್ಟೋ ಸಲ ಅತಿ ಹತ್ತಿರದ ಮನುಷ್ಯರು ಅಂದ್ರೆ ತಲೆ ಮೇಲೆ ಹಾದು ಹೋಗೋ ಗಗನಯಾತ್ರಿಗಳೇ.

ಇದನ್ನೆಲ್ಲ ಹೇಳಿದಾಗ ಅಜ್ಜಿ ಕೇಳಿದ್ದು: "ಹಂಗಾದ್ರೆ ಆಮೇಲೆ ಹೆಸರುಕಾಳು ಎಲ್ಲಿ ಮೊಳಕೆ ಹಾಕ್ತಾರೆ?"

ಉತ್ತರ ಇನ್ನೂ ಪೂರ್ತಿ ಬರೆದಾಗಿಲ್ಲ. ಚೀನಾದ ತಿಯಾಂಗಾಂಗ್ ಮೂರು ಭಾಗಗಳ ನಿಲ್ದಾಣ, 2022ರಿಂದ ಅಲ್ಲಿ ಸದಾ ಜನ ಇದ್ದಾರೆ. ಅಮೆರಿಕದ ಖಾಸಗಿ ಕಂಪನಿಗಳು ತಮ್ಮ ನಿಲ್ದಾಣ ಮಾಡ್ತೀವಿ ಅಂತಿವೆ. ಅವು ಐಎಸ್ಎಸ್ ಇಳಿಯೋ ಮೊದಲು ರೆಡಿ ಆಗ್ತಾವಾ ಅನ್ನೋದೇ ಇವತ್ತಿನ ದೊಡ್ಡ ಚಿಂತೆ. ಭಾರತದ ಗುರಿ: ಭಾರತೀಯ ಅಂತರಿಕ್ಷ ನಿಲ್ದಾಣದ ಮೊದಲ ಭಾಗ 2028ಕ್ಕೆ, ಐದು ಭಾಗಗಳ ಪೂರ್ತಿ ನಿಲ್ದಾಣ 2035ಕ್ಕೆ. ಗಗನಯಾನದಲ್ಲಿ ಇನ್ನೂ ನಮ್ಮವರು ನಮ್ಮದೇ ರಾಕೆಟ್‌ನಲ್ಲಿ ಹೋಗಬೇಕಿರುವಾಗ ಈ ದಿನಾಂಕಗಳು ಬಿಗಿಯಾಗಿವೆ, ಇದು ನನ್ನ ಅಭಿಪ್ರಾಯ. ಆದ್ರೆ ಮನೆ ಕಟ್ಟೋಕೆ ಬೇಕಾದ ಮೊದಲ ಕೆಲಸ ಆಗಿದೆ. 2025ರ ಜನವರಿಯಲ್ಲಿ ಸ್ಪೇಡೆಕ್ಸ್ ಪ್ರಯೋಗದಲ್ಲಿ ತಲಾ 220 ಕಿಲೋದ ಎರಡು ಉಪಗ್ರಹಗಳನ್ನ ಇಸ್ರೋ ಆಕಾಶದಲ್ಲೇ ಜೋಡಿಸಿತು. ಒಂದು ಸಲ ಮೂರು ಮೀಟರ್‌ವರೆಗೆ ಹತ್ತಿರ ತಂದು, ಮತ್ತೆ ದೂರ ಸರಿಸಿ, ಡೇಟಾ ನೋಡಿ, ನಾಲ್ಕು ದಿನ ಬಿಟ್ಟು ಜೋಡಿಸಿದ್ರು. ಆ ತಾಳ್ಮೆ ನೋಡಿ ನನಗೆ ಸಲ್ಯೂತ್-7 ನೆನಪಾಯ್ತು.

ಐಎಸ್ಎಸ್ ಕಾಣೋದು ಸೂರ್ಯ ಮುಳುಗಿದ ಒಂದೆರಡು ಗಂಟೆಯೊಳಗೆ, ಇಲ್ಲಾ ಬೆಳಗಾಗೋ ಮುಂಚೆ. ನಮ್ಮಲ್ಲಿ ಕತ್ತಲಿದ್ದು ಅಷ್ಟೆತ್ತರದಲ್ಲಿ ಬಿಸಿಲಿರಬೇಕು, ಅದಕ್ಕೆ. ದೂರದರ್ಶಕ ಬೇಡ. ಮಿನುಗ್ತಾ ಹೋದ್ರೆ ಅದು ವಿಮಾನ, ಮಿನುಗದೆ ಹೋದ್ರೆ ಬಹುಶಃ ಅದೇ. ನಾಸಾದ ಆ್ಯಪ್‌ನಲ್ಲಿ ನಿಮ್ಮ ಊರು ಹಾಕಿದ್ರೆ ಟೈಮ್ ಹೇಳುತ್ತೆ. ಅಜ್ಜಿ ಊರಿಗೆ ಹೋಗೋ ಮೊದಲು ನನ್ನ ಕೈಲಿ ಆ ಅಲರ್ಟನ್ನ ಅವರ ಫೋನಿಗೂ ಹಾಕಿಸಿಕೊಂಡ್ರು.