ಟೊರೆಂಟ್ ಕಡತಗಳ ಪ್ರಾಮಾಣ್ಯ ವಿಚಾರ

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯಲ್ಲಿ ಪೀಣ್ಯದ ಕಾರ್ಖಾನೆಗಳ ಸಾಲನ್ನು ದಾಟಿ ನೆಲಮಂಗಲದ ಕಡೆಗೆ ಸಾಗುವಾಗ ಮಾಕಳಿ ಎಂಬ ಊರು ಸಿಕ್ಕುತ್ತದೆ. ಉಗ್ರಾಣಗಳೂ ಸಣ್ಣ ಕಾರ್ಖಾನೆಗಳೂ ಬೆಳೆದು ನಿಂತಿರುವ ಈ ಪ್ರದೇಶವನ್ನು ಕಂಡವರಿಗೆ ಗಂಗರ ಮಾನ್ಯಪುರವು ಇದೇ ಸೀಮೆಯಲ್ಲಿದ್ದಿತೆಂಬುದು ಕೂಡಲೆ ಹೊಳೆಯಲಾರದು. ನೆಲಮಂಗಲ ತಾಲ್ಲೂಕಿನ ಮಣ್ಣೆಯೇ ಆ ಮಾನ್ಯಪುರ. ಅಲ್ಲಿ ದೊರೆತ ತಾಮ್ರಶಾಸನಗಳು ಬಿ. ಎಲ್. ರೈಸ್ ಅವರು ಸಂಪಾದಿಸಿದ ಎಪಿಗ್ರಾಫಿಯ ಕರ್ನಾಟಿಕ ಗ್ರಂಥಮಾಲೆಯ ಒಂಬತ್ತನೆಯ ಸಂಪುಟದಲ್ಲಿ, ಎಂದರೆ 1905ರಲ್ಲಿ, ಬೆಳಕು ಕಂಡವು.

ಈ ಹಳೆಯ ಸಂಪುಟಗಳು ಇಂದು ಎಲ್ಲ ಕಾಲೇಜುಗಳ ಗ್ರಂಥಾಲಯಗಳಲ್ಲಿ ದೊರೆಯುವುವಲ್ಲ. ಆದುದರಿಂದ ಸಂಶೋಧಕನು ಅವುಗಳ ಛಾಯಾಪ್ರತಿಗಳನ್ನು ಅಂತರಜಾಲದಿಂದ ಇಳಿಸಿಕೊಳ್ಳುವುದು ರೂಢಿಯಾಗಿದೆ. ಇಂಟರ್‌ನೆಟ್ ಆರ್ಕೈವ್ ಎಂಬ ಸಾರ್ವಜನಿಕ ಭಂಡಾರವು 2012ರಿಂದ ತನ್ನಲ್ಲಿರುವ ಗ್ರಂಥಗಳನ್ನು ಟೊರೆಂಟ್ ಮಾರ್ಗವಾಗಿಯೂ ಒದಗಿಸುತ್ತ ಬಂದಿದೆ. ಟೊರೆಂಟ್ ಎಂದೊಡನೆ ಕಳ್ಳಮಾಲೆಂದು ಭಾವಿಸುವವರುಂಟು, ಅದು ಸರಿಯಲ್ಲ. ಅದು ಕೇವಲ ಒಂದು ಸಾಗಣೆಯ ಕ್ರಮ. ಬಂಡಿಯು ಯಾವ ಸರಕನ್ನು ಹೊತ್ತಿದೆಯೆಂಬುದು ಬೇರೆಯ ಪ್ರಶ್ನೆ. ಆ ಪ್ರಶ್ನೆಯನ್ನು ಕೇಳದೆ ಹೋದುದರಿಂದ ಈ ಲೇಖಕನಿಗೆ ಒದಗಿದ ನಷ್ಟವೇ ಪ್ರಕೃತ ಲೇಖನಕ್ಕೆ ಕಾರಣ.

ಸಂಗತಿ ಹೀಗೆ. ಮಾಕಳಿಯ ನನ್ನ ಮನೆಯಲ್ಲಿ ಶಾಸನಸಂಪುಟಗಳ ಪುಟಗಳನ್ನು ಓದಿ ಅಕ್ಷರಗಳಾಗಿ ಪರಿವರ್ತಿಸುವ ತಂತ್ರಾಂಶವೊಂದು ನನಗೆ ಬೇಕಾಯಿತು. ಬೆಲೆ ಹೆಚ್ಚಾಗಿದ್ದುದರಿಂದ, ಬೀಗ ಮುರಿದ ಪ್ರತಿಯೊಂದನ್ನು ಟೊರೆಂಟ್ ಮೂಲಕ ತರಿಸಿಕೊಂಡೆನು. ಅದರ ಜೊತೆಯಲ್ಲಿದ್ದ ಟಿಪ್ಪಣಿಯು ವೈರಸ್‌ನಿರೋಧಕವನ್ನು ಸ್ವಲ್ಪ ಹೊತ್ತು ನಿಲ್ಲಿಸಬೇಕೆಂದು ಹೇಳಿತು, ನಿಲ್ಲಿಸಿದೆನು. ಮರುದಿನ ಬೆಳಗ್ಗೆ ನೋಡುವಾಗ ನೆಲಮಂಗಲದ ಸುತ್ತಣ ಹಳ್ಳಿಗಳಲ್ಲಿ ಮೂರು ವರ್ಷ ತಿರುಗಿ ತೆಗೆದ ವೀರಗಲ್ಲುಗಳ ಚಿತ್ರಗಳೆಲ್ಲವೂ ಗೂಢಲಿಪಿಗೆ ತಿರುಗಿ, ಹಣ ಕೊಟ್ಟರೆ ಬಿಡಿಸುವುದಾಗಿ ಒಂದು ಪತ್ರ ಮಾತ್ರ ಉಳಿದಿತ್ತು. ಗಣಕಯಂತ್ರಕ್ಕೆ ಸದಾ ಜೋಡಿಸಿಯೇ ಇರುತ್ತಿದ್ದ ಎರಡನೆಯ ಡಿಸ್ಕಿನ ಗತಿಯೂ ಅದೇ ಆಯಿತು. ಆ ಕಲ್ಲುಗಳಲ್ಲಿ ಎರಡು, ರಸ್ತೆಯ ಕೆಲಸ ನಡೆದ ಬಳಿಕ, ಇದ್ದೆಡೆಯಲ್ಲಿ ಇಲ್ಲ. ಅವುಗಳ ಚಿತ್ರವನ್ನು ಮತ್ತೆ ತೆಗೆಯುವಂತಿಲ್ಲ. ಇನ್ನೂ ವಿಷಾದದ ಮಾತೆಂದರೆ, ಕನ್ನಡವನ್ನೂ ಓದಬಲ್ಲ ಟೆಸೆರಾಕ್ಟ್ ಎಂಬ ತಂತ್ರಾಂಶವು 2005ರಿಂದಲೇ ಮುಕ್ತವಾಗಿದ್ದು, ಯಾರಿಗಾದರೂ ಉಚಿತವಾಗಿ ದೊರೆಯುತ್ತಿತ್ತು.

ಟೊರೆಂಟಿನ ಸ್ವರೂಪ

ಬಿಟ್‌ಟೊರೆಂಟ್ ಕ್ರಮವನ್ನು 2001ರಲ್ಲಿ ಬ್ರಾಮ್ ಕೊಹೆನ್ ಎಂಬ ಅಮೆರಿಕದ ತಂತ್ರಜ್ಞರು ರೂಪಿಸಿದರು. ಸಾಮಾನ್ಯ ಕ್ರಮದಲ್ಲಿ ಕಡತವೊಂದು ಒಂದೇ ಭಂಡಾರದಿಂದ ಎಲ್ಲರಿಗೂ ಹಂಚಲ್ಪಡುತ್ತದೆ. ಟೊರೆಂಟಿನಲ್ಲಾದರೋ ಕಡತವು ಅನೇಕ ತುಂಡುಗಳಾಗಿ ವಿಭಾಗವಾಗಿ, ಪಡೆಯುವವರೇ ತಮಗೆ ಬಂದ ತುಂಡುಗಳನ್ನು ಉಳಿದವರಿಗೆ ಕೊಡುತ್ತ ಹೋಗುತ್ತಾರೆ. ಪರಿಚಯವಿಲ್ಲದ ನೂರಾರು ಜನರಿಂದ ಬಂದ ತುಂಡುಗಳು ಕೂಡಿ ಒಂದು ಗ್ರಂಥವಾಗುವಾಗ ನಡುವೆ ಯಾರಾದರೂ ಕಲಬೆರಕೆ ಮಾಡದಿರುವರೆ ಎಂಬ ಸಂದೇಹವು ಸಹಜ.

ಇದಕ್ಕೆ ಟೊರೆಂಟಿನಲ್ಲಿಯೇ ಉತ್ತರವಿದೆ. ಪ್ರತಿಯೊಂದು ತುಂಡಿನಿಂದಲೂ ಗಣಿತಕ್ರಮದಿಂದ ಒಂದು ಸಂಖ್ಯೆಯನ್ನು ಪಡೆಯಲಾಗುತ್ತದೆ. ಇದಕ್ಕೆ ಹ್ಯಾಷ್ ಎಂದು ಹೆಸರು. ತುಂಡಿನಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಈ ಸಂಖ್ಯೆಯು ಪೂರ್ಣವಾಗಿ ಬೇರೆಯಾಗುತ್ತದೆ. ಮೊದಲು ಪ್ರಕಟಿಸಿದವನು ಸಿದ್ಧಪಡಿಸಿದ ಪುಟ್ಟ ಟೊರೆಂಟ್ ಕಡತದಲ್ಲಿ ಈ ಸಂಖ್ಯೆಗಳ ಪಟ್ಟಿಯಿರುತ್ತದೆ. ಬಂದ ತುಂಡು ಅದರೊಡನೆ ಹೊಂದದಿದ್ದರೆ ನಮ್ಮ ಯಂತ್ರವು ಅದನ್ನು ತಿರಸ್ಕರಿಸಿ ಮತ್ತೆ ತರಿಸುತ್ತದೆ. ಮೊದಲಿನ ಕ್ರಮದಲ್ಲಿ ಬಳಸಿದುದು ಎಸ್‌ಎಚ್‌ಎ-1 ಎಂಬ ವಿಧಾನ. ಒಂದೇ ಹ್ಯಾಷ್ ಉಳ್ಳ ಎರಡು ಭಿನ್ನ ಕಡತಗಳನ್ನು ಈ ವಿಧಾನದಲ್ಲಿ ರಚಿಸಬಹುದೆಂದು 2017ರಲ್ಲಿ ತೋರಿಸಲಾಯಿತು. ಟೊರೆಂಟಿನ ಎರಡನೆಯ ಆವೃತ್ತಿಯು ಹೆಚ್ಚು ದೃಢವಾದ ಎಸ್‌ಎಚ್‌ಎ-256 ವಿಧಾನವನ್ನು ಅಂಗೀಕರಿಸಿದೆ.

ಶಾಸನಾಭ್ಯಾಸಿಗಳಿಗೆ ಇದು ಹೊಸ ವಿಚಾರವಲ್ಲ. ಗಂಗರ ತಾಮ್ರಪಟಗಳನ್ನು ಬಳೆಯೊಂದರಲ್ಲಿ ಕೋದು, ಅದರ ತುದಿಗಳನ್ನು ಆನೆಯ ಲಾಂಛನವುಳ್ಳ ಮುದ್ರೆಯಿಂದ ಬಂಧಿಸುತ್ತಿದ್ದರು. ಮುದ್ರೆಯನ್ನು ಕೆಡಿಸದೆ ನಡುವಣ ಒಂದು ಹಲಗೆಯನ್ನು ತೆಗೆಯುವುದೂ ಸಾಧ್ಯವಿಲ್ಲ, ಸೇರಿಸುವುದೂ ಸಾಧ್ಯವಿಲ್ಲ. ಹ್ಯಾಷ್ ಎಂಬುದು ಕಡತಕ್ಕೆ ತೊಡಿಸಿದ ಇಂತಹ ಬಳೆ.

ಮುದ್ರೆ ಹೇಳುವುದೆಷ್ಟು?

ಇಲ್ಲಿಯೇ ನಾವು ಎಚ್ಚರದಿಂದ ಹೆಜ್ಜೆಯಿಡಬೇಕು. ಬಳೆಯೂ ಮುದ್ರೆಯೂ ಸರಿಯಾಗಿದ್ದ ಮಾತ್ರಕ್ಕೆ ಶಾಸನವು ಸಾಚಾ ಎನ್ನಲಾಗದು. ಜೆ. ಎಫ್. ಫ್ಲೀಟ್ ಅವರು 1901ರಲ್ಲಿ ಇಂಡಿಯನ್ ಆಂಟಿಕ್ವರಿ ಪತ್ರಿಕೆಯ 30ನೆಯ ಸಂಪುಟದಲ್ಲಿ ಭಾರತದ ಕೂಟಶಾಸನಗಳನ್ನು ಕುರಿತು ಬರೆದರು. ಗಂಗರವೆಂದು ಹೇಳಿಕೊಳ್ಳುವ ಹಲವು ತಾಮ್ರಪಟಗಳನ್ನು ಲಿಪಿಯ ಕಾಲ ಮತ್ತು ತೇದಿಯ ಅಸಾಂಗತ್ಯಗಳ ಆಧಾರದಿಂದ ಅವರು ಕೃತಕವೆಂದು ತಳ್ಳಿಹಾಕಿದರು. ರೈಸ್ ಅವರು ಇದನ್ನು ಒಪ್ಪಲಿಲ್ಲ. ಫ್ಲೀಟರ ನಿರ್ಣಯಗಳೆಲ್ಲವೂ ನಿಲ್ಲಲಿಲ್ಲವೆಂಬುದು ನಿಜ. ಆದರೆ ಅವರು ಎತ್ತಿದ ಪ್ರಶ್ನೆಯು ನಿಂತಿತು. ಕೂಟಶಾಸನವೊಂದನ್ನು ಅಕ್ಷರ ತಪ್ಪದೆ ನೂರು ಸಲ ಪ್ರತಿ ಮಾಡಿದರೂ ಅದು ಕೂಟಶಾಸನವಾಗಿಯೇ ಉಳಿಯುತ್ತದೆ. ಪ್ರತಿಯ ನಿಷ್ಠೆ ಬೇರೆ, ಮೂಲದ ಸತ್ಯತೆ ಬೇರೆ.

ಟೊರೆಂಟ್ ವಿಚಾರದಲ್ಲಿ ತಿಳಿಯಬೇಕಾದ ಮುಖ್ಯ ತತ್ತ್ವವು ಇದೊಂದೇ. ಕಡತವು ನೂರಕ್ಕೆ ನೂರು ಬಂದಿದೆಯೆಂದೂ ತಾಳೆಯಾಗಿದೆಯೆಂದೂ ಯಂತ್ರವು ತಿಳಿಸಿದಾಗ, ಮೊದಲು ಪ್ರಕಟಿಸಿದವನು ಇಟ್ಟುದು ಏನೋ ಅದೇ ನಮಗೆ ಬಂದಿದೆಯೆಂದು ಅರ್ಥ. ಅವನು ವಿಷವನ್ನಿಟ್ಟಿದ್ದರೆ ಆ ವಿಷವೇ ಸ್ವಲ್ಪವೂ ಕಡಮೆಯಾಗದೆ ಬಂದಿರುತ್ತದೆ. ನನ್ನ ಮನೆಗೆ ಬಂದ ಕಡತವೂ ಹೀಗೆ ಸರಿಯಾಗಿಯೇ ಬಂದಿತ್ತು.

ಉದಾಹರಣೆಗಳಿಂದ ಇದು ಸ್ಪಷ್ಟವಾಗುತ್ತದೆ. 2009ರ ಜನವರಿಯಲ್ಲಿ ಆಪಲ್ ಸಂಸ್ಥೆಯ ಐವರ್ಕ್ ತಂತ್ರಾಂಶದ ಕಳ್ಳಪ್ರತಿಗಳು ಟೊರೆಂಟ್ ಮೂಲಕ ಹರಡಿದುವು. ತಂತ್ರಾಂಶವೇನೋ ಕೆಲಸ ಮಾಡುತ್ತಿತ್ತು. ಆದರೆ ಅದರೊಡನೆ ಹೊಕ್ಕ ಇನ್ನೊಂದು ಕಾರ್ಯಕ್ರಮವು ಗಣಕವನ್ನು ಪರರ ವಶಕ್ಕೆ ಒಪ್ಪಿಸುತ್ತಿತ್ತು. ಇಲ್ಲಿ ದೋಷವಿದ್ದುದು ಮೂಲದಲ್ಲಿ. ಇದಕ್ಕೆ ವಿರುದ್ಧವಾದುದು 2016ರ ಫೆಬ್ರವರಿ 20ರ ಘಟನೆ. ಅಂದು ಲಿನಕ್ಸ್ ಮಿಂಟ್ ಎಂಬ ಮುಕ್ತ ತಂತ್ರಾಂಶದ ಜಾಲತಾಣಕ್ಕೇ ನುಗ್ಗಿದವರು ಅಲ್ಲಿಯ ಕೊಂಡಿಯನ್ನು ತಿರುಚಿ, ಹಿಂಬಾಗಿಲುಳ್ಳ ಪ್ರತಿಯ ಕಡೆಗೆ ಜನರನ್ನು ಕಳುಹಿಸಿದರು. ಟೊರೆಂಟ್ ಮೂಲಕ ಅದನ್ನು ಪಡೆದವರು ಈ ವಂಚನೆಗೆ ಒಳಗಾಗಲಿಲ್ಲ. ಆದ್ದರಿಂದ ಜಾಲತಾಣವೆಲ್ಲ ಶುದ್ಧ, ಟೊರೆಂಟೆಲ್ಲ ಅಶುದ್ಧ ಎಂಬ ವಿಭಾಗಕ್ಕೆ ಆಧಾರವಿಲ್ಲ.

ಟೊರೆಂಟನ್ನು ನಡೆಸುವ ತಂತ್ರಾಂಶವೂ ಪರೀಕ್ಷೆಗೆ ಹೊರತಲ್ಲ. 2016ರ ಮಾರ್ಚಿನಲ್ಲಿ ಮ್ಯಾಕ್ ಗಣಕಗಳಿಗಾಗಿ ಇದ್ದ ಟ್ರಾನ್ಸ್‌ಮಿಷನ್ ತಂತ್ರಾಂಶದ 2.90ನೆಯ ಆವೃತ್ತಿಯಲ್ಲಿ, ಕಡತಗಳನ್ನು ಒತ್ತೆಯಿಡುವ ಕೀರೇಂಜರ್ ಎಂಬ ಮಾಲ್‌ವೇರ್ ಅಲ್ಪಕಾಲ ಸೇರಿಕೊಂಡಿತ್ತು. 2018ರ ಮಾರ್ಚಿನಲ್ಲಿ ಮೀಡಿಯಾಗೆಟ್ ಎಂಬ ಇನ್ನೊಂದು ತಂತ್ರಾಂಶದ ಕಲುಷಿತ ಪರಿಷ್ಕರಣದಿಂದ ಹೊರಟ ದಾಳಿಯು ಸುಮಾರು 12 ಗಂಟೆಗಳಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಸಲ ಕಂಡುಬಂದುದಾಗಿ ಮೈಕ್ರೋಸಾಫ್ಟ್ ಸಂಸ್ಥೆಯು ವರದಿ ಮಾಡಿತು.

ಪರೀಕ್ಷಾಕ್ರಮ

ಹಾಗಾದರೆ ಕಡತವನ್ನು ಹೇಗೆ ಪರೀಕ್ಷಿಸಬೇಕು? ಇತಿಹಾಸಕಾರನು ದಾಖಲೆಯನ್ನು ಹೊರಗಿನಿಂದಲೂ ಒಳಗಿನಿಂದಲೂ ನೋಡುವಂತೆಯೇ ಇಲ್ಲಿಯೂ ನಡೆಯಬಹುದು.

ಮೊದಲನೆಯದು ಮೂಲವಿಚಾರ. ಟೊರೆಂಟ್ ಕಡತವನ್ನಾಗಲಿ ಮ್ಯಾಗ್ನೆಟ್ ಕೊಂಡಿಯನ್ನಾಗಲಿ ಗ್ರಂಥದ ಭಂಡಾರದಿಂದ ಅಥವಾ ತಂತ್ರಾಂಶದ ಕರ್ತೃವಿನ ಸ್ವಂತ ತಾಣದಿಂದಲೇ ತೆಗೆದುಕೊಳ್ಳಬೇಕು. ಹುಡುಕಾಟದಲ್ಲಿ ಮೊದಲು ಕಂಡ ಅಜ್ಞಾತ ಪಟ್ಟಿಗಳು ಪ್ರಮಾಣವಲ್ಲ. ಬೀಗ ಮುರಿದ ತಂತ್ರಾಂಶವನ್ನು ಸರ್ವಥಾ ಬಿಡಬೇಕು. ಅದು 1957ರ ಕೃತಿಸ್ವಾಮ್ಯ ಅಧಿನಿಯಮಕ್ಕೆ ವಿರುದ್ಧ ಎಂಬುದು ಒಂದು ಕಾರಣ. ಬೀಗ ಮುರಿಯಲು ಒಬ್ಬ ಅಪರಿಚಿತನು ಅದರ ಒಳಗೆ ಕೈಯಾಡಿಸಿಯೇ ಇದ್ದಾನೆ ಎಂಬುದು ಇನ್ನೊಂದು. ಸರ್ಕಾರಿ ಪ್ರಕಟನೆಗೆ ನಮ್ಮ ಕಾನೂನಿನಲ್ಲಿ 60 ವರ್ಷಗಳ ಸ್ವಾಮ್ಯವಿರುವುದರಿಂದ, ರೈಸ್ ಅವರ ಸಂಪುಟಗಳನ್ನು ಪಡೆಯಲು ಯಾವ ಅಡ್ಡಿಯೂ ಇಲ್ಲ. ನುಡಿ ಮುಂತಾದ ಕನ್ನಡ ತಂತ್ರಾಂಶಗಳು ಉಚಿತವಾಗಿಯೇ ದೊರೆಯುವಾಗ ಅವನ್ನು ಅಪರಿಚಿತರಿಂದ ತರಿಸುವುದು ವ್ಯರ್ಥ ಸಾಹಸ.

ಎರಡನೆಯದು ಆಂತರಿಕ ಪರೀಕ್ಷೆ. ಇಳಿಸುವುದಕ್ಕೆ ಮುಂಚೆಯೇ ಒಳಗಿನ ಕಡತಗಳ ಪಟ್ಟಿಯು ತೆರೆಯ ಮೇಲೆ ಬರುತ್ತದೆ. ಬೇಡವಾದುವನ್ನು ಬಿಟ್ಟು ಬೇಕಾದುದನ್ನಷ್ಟೇ ಆರಿಸಬಹುದು. ಗ್ರಂಥವಾದರೆ ಪಿಡಿಎಫ್ ಅಥವಾ ಡಿಜೆವಿಯು ಇರಬೇಕು. ಇಎಕ್ಸ್‌ಇ, ಎಂಎಸ್‌ಐ, ಎಸ್‌ಸಿಆರ್, ಬಿಎಟಿ, ವಿಬಿಎಸ್, ಎಲ್‌ಎನ್‌ಕೆ ಎಂಬ ಬಾಲಗಳುಳ್ಳವು ಓದುವ ಕಡತಗಳಲ್ಲ, ಯಂತ್ರಕ್ಕೆ ಆಜ್ಞೆ ಕೊಡತಕ್ಕವು. ವಿಂಡೋಸ್ ಸಾಮಾನ್ಯವಾಗಿ ಈ ಬಾಲವನ್ನು ಮರೆಮಾಡುವುದರಿಂದ, ಹೆಸರಿನ ಕೊನೆಯಲ್ಲಿ ಪಿಡಿಎಫ್ ಎಂದು ಬರೆದು ಅದರ ಮುಂದೆ ಇಎಕ್ಸ್‌ಇ ಎಂದು ಸೇರಿಸಿದ ಕಡತವು ಗ್ರಂಥದಂತೆಯೇ ತೋರುತ್ತದೆ. ಆದುದರಿಂದ ಬಾಲವು ಕಾಣುವಂತೆ ಮೊದಲೇ ಏರ್ಪಡಿಸಿಕೊಳ್ಳುವುದು ಅವಶ್ಯ. ಗಾತ್ರವನ್ನೂ ಗಮನಿಸಬೇಕು. ನೂರಾರು ಪುಟಗಳ ಛಾಯಾಪ್ರತಿಯು ಒಂದೆರಡು ಮೆಗಾಬೈಟಿನಲ್ಲಿ ಅಡಗಿದೆಯೆಂದರೆ ಸಂಶಯಪಡುವುದು ನ್ಯಾಯ. ಗುಪ್ತಪದ ಹಾಕಿದ ಜಿಪ್ ಗಂಟಿನ ಒಳಗನ್ನು ವೈರಸ್‌ನಿರೋಧಕವು ನೋಡಲಾರದು; ಗಂಟಿಗೆ ಗುಪ್ತಪದವನ್ನು ಹಾಕಿ, ಪಕ್ಕದಲ್ಲಿಯೇ ಅದನ್ನು ಬರೆದಿಟ್ಟವನ ಉದ್ದೇಶವನ್ನು ನಾವೇ ಊಹಿಸಬಹುದು. ರಕ್ಷಕನನ್ನು ಹೊರಗೆ ಕಳುಹಿಸೆಂದು ಹೇಳುವ ಅತಿಥಿಯನ್ನು ಒಳಗೆ ಬಿಡಬಾರದೆಂಬುದು ನನಗೆ ದುಬಾರಿಯಾಗಿ ಬಂದ ಪಾಠ.

ಮೂರನೆಯದು ಮುದ್ರಾಪರೀಕ್ಷೆ. ಕರ್ತೃಗಳು ಅನೇಕ ವೇಳೆ ಎಸ್‌ಎಚ್‌ಎ-256 ಸಂಖ್ಯೆಯನ್ನು ಪ್ರಕಟಿಸಿರುತ್ತಾರೆ. ಅದು 64 ಚಿಹ್ನೆಗಳ ಸಾಲು. ವಿಂಡೋಸಿನಲ್ಲಿ ಸರ್ಟ್‌ಯುಟಿಲ್ ಎಂಬ ಆಜ್ಞೆಯಿಂದಲೂ ಲಿನಕ್ಸಿನಲ್ಲಿ ಎಸ್‌ಎಚ್‌ಎ256ಸಮ್ ಎಂಬುದರಿಂದಲೂ ನಮ್ಮ ಪ್ರತಿಯ ಸಂಖ್ಯೆಯನ್ನು ಪಡೆದು ತಾಳೆ ನೋಡಬಹುದು. ಇಂಟರ್‌ನೆಟ್ ಆರ್ಕೈವಿನಲ್ಲಿ ಪ್ರತಿಯೊಂದು ಗ್ರಂಥದ ಜೊತೆಗಿರುವ ಕಡತಪಟ್ಟಿಯಲ್ಲಿ ಎಂಡಿ5 ಮತ್ತು ಎಸ್‌ಎಚ್‌ಎ-1 ಸಂಖ್ಯೆಗಳಿವೆ. ಆದರೆ ಹೋಲಿಕೆಯ ಮುದ್ರೆಯನ್ನು ಸಾಧ್ಯವಾದಷ್ಟು ಬೇರೊಂದು ಕಡೆಯಿಂದ ಪಡೆಯುವುದು ಮೇಲು. ತಾಣಕ್ಕೇ ನುಗ್ಗಿದವನು ಕಡತದೊಡನೆ ಸಂಖ್ಯೆಯನ್ನೂ ಬದಲಾಯಿಸಬಲ್ಲನು. ಕರ್ತೃವಿನ ಗೂಢಕೀಲಿಯಿಂದ ಹಾಕಿದ ಸಹಿಯಿದ್ದರೆ ಅದು ಇನ್ನೂ ಬಲವಾದ ಪ್ರಮಾಣ. ಇಷ್ಟಾದ ಮೇಲೆ ಕಡತವನ್ನು ವೈರಸ್‌ನಿರೋಧಕದಿಂದ ಶೋಧಿಸಬೇಕು. ವೈರಸ್‌ಟೋಟಲ್ ಎಂಬ ತಾಣವು ಅನೇಕ ನಿರೋಧಕಗಳ ಅಭಿಪ್ರಾಯವನ್ನು ಒಟ್ಟಿಗೆ ಕೊಡುತ್ತದೆ. ಅಲ್ಲಿಗೆ ಕಳುಹಿಸಿದ ಕಡತವು ಪರರ ಕೈಗೂ ಹೋಗಬಹುದಾದುದರಿಂದ ಖಾಸಗಿ ಪತ್ರಗಳನ್ನು ಕಳುಹಿಸದೆ ಹ್ಯಾಷ್ ಮಾತ್ರ ಕೊಟ್ಟು ವಿಚಾರಿಸುವುದು ಲೇಸು. ಎಲ್ಲರೂ ನಿರ್ದೋಷವೆಂದರೂ ಅದು ಪೂರ್ಣ ಪ್ರಮಾಣವಲ್ಲ. ಹೊಸ ಮಾಲ್‌ವೇರನ್ನು ಯಾರೂ ಇನ್ನೂ ಗುರುತಿಸದೆ ಇರಬಹುದು.

ನಾಲ್ಕನೆಯದಾಗಿ, ಇಷ್ಟೆಲ್ಲ ಮಾಡಿಯೂ ಮೋಸ ಹೋಗಬಹುದೆಂದು ತಿಳಿದೇ ಏರ್ಪಾಡು ಮಾಡಿಕೊಳ್ಳಬೇಕು. ನಿತ್ಯದ ಕೆಲಸವನ್ನು ಪೂರ್ಣಾಧಿಕಾರವಿಲ್ಲದ ಖಾತೆಯಲ್ಲಿ ನಡೆಸುವುದು, ಗಣಕದ ವ್ಯವಸ್ಥೆಯನ್ನೂ ಪಿಡಿಎಫ್ ಓದುವ ತಂತ್ರಾಂಶವನ್ನೂ ಕಾಲಕಾಲಕ್ಕೆ ಪರಿಷ್ಕರಿಸುವುದು, ಮುಖ್ಯ ಕಡತಗಳ ಮೂರು ಪ್ರತಿಗಳನ್ನಿಟ್ಟು ಅವುಗಳಲ್ಲಿ ಒಂದನ್ನಾದರೂ ಬೇರೆ ಸ್ಥಳದಲ್ಲಿ, ಗಣಕಕ್ಕೆ ಜೋಡಿಸದೆ ಇಡುವುದು, ಇವು ಅತ್ಯವಶ್ಯ. ಈ ಮಾತು ಸಂಶೋಧಕರಿಗೆ ಮಾತ್ರ ಸಲ್ಲುವುದಲ್ಲ. ಪೀಣ್ಯ ಮಾಕಳಿಗಳ ಸಣ್ಣ ಕಾರ್ಖಾನೆಯೊಂದರಲ್ಲಿ ಯಂತ್ರಭಾಗಗಳ ನಕ್ಷೆಗಳೂ ಲೆಕ್ಕಪತ್ರಗಳೂ ಒಂದೇ ಗಣಕದಲ್ಲಿದ್ದು, ಅದೇ ಗಣಕಕ್ಕೆ ಯಾರೋ ಒಬ್ಬರು ಚಲನಚಿತ್ರವನ್ನು ಇಳಿಸಿದರೆ, ಅಪಾಯಕ್ಕೆ ಗುರಿಯಾಗುವುದು ಹತ್ತು ಸಂಸಾರಗಳ ಜೀವನೋಪಾಯ.

ಅಪಾಯ ಒದಗಿದಾಗ

ಸಂಶಯ ತೋರಿದ ಕೂಡಲೆ ಗಣಕವನ್ನು ಜಾಲದಿಂದಲೂ ಹೊರಗಿನ ಡಿಸ್ಕುಗಳಿಂದಲೂ ಬೇರ್ಪಡಿಸಬೇಕು. ಗುಪ್ತಪದಗಳನ್ನು ಬೇರೊಂದು ಶುದ್ಧ ಯಂತ್ರದಿಂದ ಬದಲಾಯಿಸಬೇಕು. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯು 2017ರ ಫೆಬ್ರವರಿಯಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರವು ಶೋಧನೆಯ ಸಾಧನಗಳನ್ನು ಉಚಿತವಾಗಿ ಕೊಡುತ್ತದೆ. ಹಣ ಹೋಗಿದ್ದರೆ ತಡಮಾಡದೆ 1930 ಸಂಖ್ಯೆಗೆ ದೂರು ಕೊಡಬೇಕು. ಒತ್ತೆಹಣವನ್ನು ಕೊಟ್ಟರೂ ಕಡತಗಳು ಮರಳುವ ಭರವಸೆಯಿಲ್ಲ. ಬಂಧಿತ ಕಡತಗಳನ್ನು ಮಾತ್ರ ಅಳಿಸದೆ ತೆಗೆದಿರಿಸತಕ್ಕದ್ದು. 2016ರಲ್ಲಿ ಆರಂಭವಾದ ನೋ ಮೋರ್ ರ್‍ಯಾನ್ಸಮ್ ಎಂಬ ಅಂತರರಾಷ್ಟ್ರೀಯ ಯೋಜನೆಯಲ್ಲಿ ಕೆಲವು ಬಗೆಯ ಮಾಲ್‌ವೇರುಗಳಿಗೆ ಬಿಡುಗಡೆಯ ಕೀಲಿಗಳು ಉಚಿತವಾಗಿ ದೊರೆಯುತ್ತವೆ. ಇಂದಿಲ್ಲದ ಕೀಲಿಯು ಮುಂದೆ ದೊರೆಯಲೂಬಹುದು. ಈ ಆಸೆಯಿಂದಲೇ ನನ್ನ ಆ ಡಿಸ್ಕನ್ನು ನಾನು ಇನ್ನೂ ಕಾಪಾಡಿಕೊಂಡಿದ್ದೇನೆ.

ಇತಿಹಾಸದ ತರಗತಿಯಲ್ಲಿ ನಾವು ವಿದ್ಯಾರ್ಥಿಗಳಿಗೆ ದಾಖಲೆಯೊಂದು ಎದುರಾದಾಗ ಇದನ್ನು ಬರೆದವರು ಯಾರು, ಏಕೆ ಬರೆದರು, ಯಾರ ಕೈಯಿಂದ ನಮ್ಮಲ್ಲಿಗೆ ಬಂದಿತು ಎಂದು ಕೇಳುವುದನ್ನು ಕಲಿಸುತ್ತೇವೆ. ಮಣ್ಣೆಯ ತಾಮ್ರಪಟದ ಮುಂದೆ ತಪ್ಪದೆ ಕೇಳುವ ಈ ಪ್ರಶ್ನೆಗಳನ್ನು, ಅದರ ಛಾಯಾಪ್ರತಿಯನ್ನು ಹೊತ್ತು ತರುವ ಕಡತದ ಮುಂದೆಯೂ ಕೇಳುವುದು ಅಧ್ಯಯನದ ಶಿಸ್ತಿಗೆ ಸೇರಿದ ಕಾರ್ಯವೆಂದು ತಿಳಿಯತಕ್ಕದ್ದು.